ಎರಕದ ವಿಮಾನ, ಎರವಲಿನ ಆಕಾಶ

ದೆಹಲಿಯ ಕನ್ನಡಿಗರಾದ ನಾವು ವಿಮರ್ಶೆಯಲ್ಲಿ ಹಿಂದೆ ಬಿದ್ದವರೇನೂ ಅಲ್ಲ. ಊರಿನಿಂದ ನಾಟಕದ ತಂಡ ಬರಲಿ, ಯಕ್ಷಗಾನದ ಮೇಳ ಬರಲಿ, ಹೊಸ ಕವನಸಂಕಲನವೊಂದು ಕೈಸೇರಲಿ, ಅದರ ಗುಣದೋಷಗಳನ್ನು ತೂಗಿ ನೋಡದೆ ನಮಗೆ ಸಮಾಧಾನವಿಲ್ಲ. ಆದರೆ ಕೈಯಿಂದ ಮಾಡಿದ ವಸ್ತುವೊಂದು ಎದುರಿಗೆ ಬಂದಾಗ ಮಾತ್ರ ನಮ್ಮ ಈ ಬುದ್ಧಿ ಏಕೋ ಮಂಕಾಗುತ್ತದೆ. 'ಥೇಟ್ ಹಾಗೇ ಇದೆಯಲ್ಲ!' ಎಂದು ಬೆರಗುಪಟ್ಟು ಮುಂದೆ ಸಾಗಿಬಿಡುತ್ತೇವೆ. ಕವಿತೆಯೊಂದನ್ನು ಓದಿ 'ಥೇಟ್ ಹಾಗೇ ಇದೆ' ಎಂದರೆ ಕವಿಗೆ ಸಿಟ್ಟು ಬಂದೀತು. ಗೊಂಬೆ ಮಾಡಿದವನು ಮಾತ್ರ ಅದನ್ನೇ ದೊಡ್ಡ ಮೆಚ್ಚುಗೆಯೆಂದು ತಿಳಿದು ತೃಪ್ತನಾಗಬೇಕು ಎನ್ನುವುದು ಯಾವ ನ್ಯಾಯ?

ಅಂಥದೊಂದು ಕೈಗೆಲಸವನ್ನು ಈ ಸಲ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ವೈಜ್ಞಾನಿಕ ಕಥೆಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಬರುವ ಆಕಾಶನೌಕೆಗಳನ್ನು, ಯಂತ್ರಗಳನ್ನು ಚಿಕ್ಕ ಅಳತೆಯಲ್ಲಿ ಮೊದಲಿಂದ ಕಡೆಯವರೆಗೆ ಸ್ವಂತ ಕೈಯಿಂದ ಕಟ್ಟುವುದು. ಅದರ ಮೇಲೆ ರಬ್ಬರಿನ ಅಚ್ಚು ತೆಗೆಯುವುದು. ಆ ಅಚ್ಚಿಗೆ ರೆಸಿನ್ ಎಂಬ ಕೃತಕ ರಾಳವನ್ನು ಎರೆದು ಹತ್ತಿಪ್ಪತ್ತು ಪ್ರತಿಗಳನ್ನು ಮಾಡುವುದು. ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಕಿಟ್ ಎಂದು ಇತರ ಹವ್ಯಾಸಿಗಳಿಗೆ ಮಾರುವುದು. ಮೊದಲಿಂದ ಕಟ್ಟುವುದಕ್ಕೆ ಈ ಬಳಗದವರು ಸ್ಕ್ರ್ಯಾಚ್‌ಬಿಲ್ಡಿಂಗ್ ಎನ್ನುತ್ತಾರೆ. ಅಮೆರಿಕ, ಇಂಗ್ಲೆಂಡ್, ಜಪಾನುಗಳಲ್ಲಿ ಇದಕ್ಕೆ ಹಲವು ದಶಕಗಳ ಇತಿಹಾಸವಿದೆ. ನಮ್ಮ ರಾಜಧಾನಿಯಲ್ಲಿ 2011ರ ಫೆಬ್ರವರಿಯಲ್ಲಿ ದಿಲ್ಲಿ ಹಾಟ್‌ನ ಅಂಗಳದಲ್ಲಿ ಮೊದಲ ಕಾಮಿಕ್ ಕಾನ್ ನಡೆದ ಮೇಲೆ ಇಂಥ ಅಭಿರುಚಿಯುಳ್ಳವರಿಗೆ ಒಂದೆಡೆ ಸೇರುವ ನೆಲೆ ಸಿಕ್ಕಿತು. ಇದು ಹುಡುಗಾಟವೆಂದು ಮೂಗು ಮುರಿಯುವ ಹಿರಿಯರಲ್ಲಿ ನಮ್ಮದೊಂದು ವಿನಂತಿ: ನವರಾತ್ರಿಯಲ್ಲಿ ಒಂಬತ್ತು ದಿನ ಬೊಂಬೆ ಕೂರಿಸುವ ಜನ ನಾವು. ಗೊಂಬೆಯನ್ನು ಹುಡುಗಾಟವೆನ್ನುವ ಅಧಿಕಾರ ನಮಗಿಲ್ಲ.

ಬೆಲೆ ಕಟ್ಟುವ ಮುನ್ನ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯಬೇಕು. ಮೊದಲಿಗೆ ಮೂಲಮಾದರಿ. ತೆಳುವಾದ ಪಾಲಿಸ್ಟೈರೀನ್ ಹಾಳೆ, ಹಿತ್ತಾಳೆಯ ತಂತಿ, ಬಾಲ್‌ಪೆನ್ನಿನ ಕೊಳವೆ, ಔಷಧದ ಸೀಸೆಯ ಮುಚ್ಚಳ, ಹಳೆಯ ಪ್ಲಾಸ್ಟಿಕ್ ಕಿಟ್ಟುಗಳಲ್ಲಿ ಮಿಕ್ಕ ಚೂರುಗಳು, ಹೀಗೆ ಕೈಗೆ ಸಿಕ್ಕಿದ್ದೆಲ್ಲ ಅದಕ್ಕೆ ಸಾಮಗ್ರಿ. ಒಂದಕ್ಕೆ ಎಪ್ಪತ್ತೆರಡರ ಅಳತೆಯೆಂದರೆ ಆರಡಿ ಎತ್ತರದ ಮನುಷ್ಯ ಕೇವಲ ಒಂದಂಗುಲವಾಗುತ್ತಾನೆ. ಅವನ ಕೈಗೆ ಎಟುಕುವ ಬಾಗಿಲಿನ ಹಿಡಿ ಸಾಸಿವೆಗಿಂತ ಸಣ್ಣದು. ಈಚೆಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ ತ್ರೀ-ಡಿ ಪ್ರಿಂಟರಿನಲ್ಲಿ ತೆಗೆಯುವವರೂ ಹೆಚ್ಚಿದ್ದಾರೆ. ಆಗಲೂ ಪದರಪದರವಾಗಿ ಉಳಿದ ಗೆರೆಗಳನ್ನು ಉಪ್ಪುಕಾಗದದಿಂದ ತಿಕ್ಕಿ, ಪುಟ್ಟಿ ತುಂಬಿ, ಮತ್ತೆ ತಿಕ್ಕುವ ಪಾಡು ತಪ್ಪಿದ್ದಲ್ಲ. ಮೂಲಮಾದರಿಯ ಮೇಲೆ ಒಂದು ಗೀರು ಉಳಿದರೆ ಅದು ಇಪ್ಪತ್ತು ಪ್ರತಿಗಳ ಮೇಲೂ ಉಳಿಯುತ್ತದೆ. ಅಚ್ಚಿಗೆ ದಾಕ್ಷಿಣ್ಯವೆಂಬುದಿಲ್ಲ.

ಎರಡನೆಯದು ಅಚ್ಚು. ಮೂಲಮಾದರಿಯನ್ನು ಅರ್ಧದವರೆಗೆ ಮೆತ್ತನೆಯ ಜೇಡಿಯಲ್ಲಿ ಹುದುಗಿಸಿ, ಸುತ್ತ ಗೋಡೆ ಕಟ್ಟಿ, ಸಿಲಿಕೋನ್ ರಬ್ಬರಿಗೆ ಗಟ್ಟಿಗೊಳಿಸುವ ದ್ರವ ಬೆರೆಸಿ ಸುರಿಯುತ್ತಾರೆ. ಅದು ಗಟ್ಟಿಯಾದ ಮೇಲೆ ತಿರುವಿ, ಜೇಡಿ ತೆಗೆದು, ಎರಡು ರಬ್ಬರು ಒಂದಕ್ಕೊಂದು ಅಂಟಿಕೊಳ್ಳದಂತೆ ಜಿಡ್ಡು ಸವರಿ, ಉಳಿದರ್ಧಕ್ಕೂ ಹಾಗೆಯೇ ಮಾಡುತ್ತಾರೆ. ಜೇಡಿಯಲ್ಲಿ ಗಂಧಕದ ಅಂಶವಿದ್ದರೆ ಪ್ಲಾಟಿನಂ ಬಳಸಿ ಗಟ್ಟಿಯಾಗುವ ಜಾತಿಯ ಸಿಲಿಕೋನು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ತಿಂಗಳುಗಟ್ಟಲೆಯ ಕೆಲಸ ಒಂದೇ ಸಂಜೆಗೆ ನೀರಿನಲ್ಲಿ ಹೋಮ. ಎರೆದ ದ್ರವ ಒಳಗೆ ಹೋಗಲು ಒಂದು ದಾರಿ, ಗಾಳಿ ಹೊರಗೆ ಬರಲು ಇನ್ನೊಂದು ದಾರಿ ಇರಲೇಬೇಕು. ಗಾಳಿಗೆ ದಾರಿ ಬಿಡದ ಅಚ್ಚಿನಲ್ಲಿ ರೆಕ್ಕೆಯ ತುದಿಗೆ ರಾಳ ತಲುಪುವುದೇ ಇಲ್ಲ.

ಮೂರನೆಯದು ಎರಕ. ಇದಕ್ಕೆ ಹೆಚ್ಚಾಗಿ ಬಳಸುವ ಪಾಲಿಯುರೆಥೇನ್ ರೆಸಿನ್ ಎರಡು ದ್ರವಗಳ ರೂಪದಲ್ಲಿ ಬರುತ್ತದೆ. ಬೆರೆಸಿದ ಮೇಲೆ ಕೆಲವೇ ನಿಮಿಷಗಳ ಅವಧಿ. ಅಷ್ಟರಲ್ಲಿ ಎರೆದು ಮುಗಿಸಬೇಕು. ನಮ್ಮ ದೆಹಲಿಯ ಹವೆ ಈ ಕೆಲಸಕ್ಕೆ ಹಗೆ ಎಂದರೂ ಸರಿ. ಮೇ-ಜೂನ್ ತಿಂಗಳ 45 ಡಿಗ್ರಿ ಧಗೆಯಲ್ಲಿ ದ್ರವ ಲೋಟದಲ್ಲಿಯೇ ಕಲ್ಲಾಗತೊಡಗುತ್ತದೆ. ಜುಲೈ-ಆಗಸ್ಟಿನ ತೇವದಲ್ಲಿ ಗಾಳಿಯಲ್ಲಿರುವ ನೀರಿನಂಶ ಅದರೊಂದಿಗೆ ಬೆರೆತು ಇಂಗಾಲದ ಡೈ ಆಕ್ಸೈಡ್ ಹುಟ್ಟಿ, ಎರಕದ ಮೈಯೆಲ್ಲ ಗುಳ್ಳೆ ಏಳುತ್ತದೆ. ಚಳಿಗಾಲ ಅನುಕೂಲವೆನ್ನೋಣವೆಂದರೆ ಹೊಗೆಮಂಜಿಗೆ ಹೆದರಿ ಕಿಟಕಿ ಮುಚ್ಚಿಕೊಂಡ ಕೋಣೆ. ಅದರಲ್ಲಿ ಈ ದ್ರವದ ಆವಿಯನ್ನು ಉಸಿರಾಡಿದರೆ ಅಸ್ತಮಾ ಬರುವ ಅಪಾಯವುಂಟು. ಒಣ ರೆಸಿನ್ ತಿಕ್ಕಿದ ಧೂಳೂ ಶ್ವಾಸಕೋಶಕ್ಕೆ ಕೇಡು. ಆದ್ದರಿಂದ ತಿಳಿದವರು ಮುಖಕ್ಕೆ ಆವಿ ತಡೆಯುವ ಮಾಸ್ಕು ಹಾಕಿಕೊಂಡು ಎರೆಯುತ್ತಾರೆ, ನೀರು ಹಾಕಿ ತಿಕ್ಕುತ್ತಾರೆ. ಖಾರಿ ಬಾವಲಿಯ ಪಕ್ಕದ ತಿಲಕ್ ಬಜಾರಿನ ರಸಾಯನದಂಗಡಿಗಳ ಸಾಲಿಗೆ ಹೋದವರು ಅಗ್ಗವೆಂದು ಪಾಲಿಯೆಸ್ಟರ್ ರೆಸಿನ್ ತಂದರೆ, ಅದು ಗಟ್ಟಿಯಾಗುವಾಗ ಗಣನೀಯವಾಗಿ ಕುಗ್ಗುತ್ತದೆ. ಎಡ ರೆಕ್ಕೆಗೂ ಬಲ ರೆಕ್ಕೆಗೂ ಹೊಂದಾಣಿಕೆ ತಪ್ಪುತ್ತದೆ.

ಕಾರ್ಖಾನೆಯ ಕಿಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಕಾರ್ಖಾನೆಯ ಉಕ್ಕಿನ ಅಚ್ಚು ಲಕ್ಷಗಟ್ಟಲೆ ಪ್ರತಿಗಳನ್ನು ಕೊಟ್ಟೀತು. ರಬ್ಬರಿನ ಅಚ್ಚಾದರೋ ಇಪ್ಪತ್ತು-ಮೂವತ್ತು, ಹೆಚ್ಚೆಂದರೆ ಐವತ್ತು ಎರಕಕ್ಕೆ ಒಣಗಿ, ಬಿರಿದು, ಹರಿದುಹೋಗುತ್ತದೆ. ಅಲ್ಪ ಸಂಖ್ಯೆಯೆನ್ನುವುದು ಇವರು ಕೊಂಡು ತಂದ ಹಿರಿಮೆಯಲ್ಲ, ಆ ವಸ್ತುವಿನ ಆಯುಷ್ಯ ವಿಧಿಸಿದ ಮಿತಿ. ಆದ್ದರಿಂದಲೇ ಕಾರ್ಖಾನೆಯವರು ಲಾಭವಿಲ್ಲವೆಂದು ಬಿಟ್ಟ ವಿಷಯಗಳು ಇವರ ಪಾಲಿಗೆ ಬರುತ್ತವೆ. ಯಾರೂ ನೆನೆಯದ ಚಿತ್ರದ ಯಾವುದೋ ಮೂಲೆಯ ನೌಕೆಯನ್ನು ಇಪ್ಪತ್ತೇ ಜನರಿಗಾಗಿ ಆರು ತಿಂಗಳು ಕೂತು ಕಟ್ಟುವವನು ನಮ್ಮ ಸಣ್ಣ ಪತ್ರಿಕೆಗಳ ಸಂಪಾದಕನ ಜಾತಿಯವನು. ಅವನ ಬಗ್ಗೆ ನಮಗೆ ಸಹಜವಾಗಿಯೇ ಮಮತೆಯುಂಟು.

ಇನ್ನು ವಿಮರ್ಶೆಗೆ ಬರೋಣ. ಇಂಥ ಕೃತಿಯ ಮುಂದೆ ನಿಂತಾಗ ಮೂರು ಪ್ರಶ್ನೆ ಕೇಳಬೇಕೆಂದು ನಮ್ಮ ಅಭಿಪ್ರಾಯ. ಮಾಡಿದವನು ಏನನ್ನು ಕಂಡು ಮಾಡಿದ? ಏನನ್ನು ಊಹಿಸಿ ಮಾಡಿದ? ಏನನ್ನು ಎರವಲು ತಂದ? ಈ ಮೂರಕ್ಕೂ ಕೃತಿ ಪ್ರಾಮಾಣಿಕ ಉತ್ತರ ಕೊಟ್ಟರೆ ಅದು ಕಲೆ. ಮೂರನ್ನೂ ಕಲಸಿ ಒಂದೇ ಬಣ್ಣ ಬಳಿದಿದ್ದರೆ ಅದು ಅಂಗಡಿಯ ಸರಕು.

ಮೊದಲು ಕಂಡದ್ದು. ಆಕಾಶನೌಕೆಯೆಂದರೆ ಥಳಥಳಿಸುವ ಬೆಳ್ಳಿಯ ಬಣ್ಣವೆಂದು ಹೊಸಬರು ಭಾವಿಸುತ್ತಾರೆ. ಅಂಥವರು ತೀನ್ ಮೂರ್ತಿಯ ನೆಹರು ತಾರಾಲಯದ ಸಂಗ್ರಹದಲ್ಲಿರುವ ಸೋಯುಜ್ ಟಿ-10ರ ಕೋಶವನ್ನು ಒಮ್ಮೆ ನೋಡಬೇಕು. ನಮ್ಮ ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಮೇಲೇರಿ, ಏಪ್ರಿಲ್ 11ರಂದು ಭೂಮಿಗೆ ಮರಳಿದ್ದು ಈ ಟಿ-10ರಲ್ಲಿ. ವಾಯುಮಂಡಲವನ್ನು ಸೀಳಿ ಬಂದ ವಸ್ತು ಒಲೆಯ ಮೇಲಿನ ಹಂಡೆಯಂತೆ ಸುಟ್ಟಿರುತ್ತದೆ. ಬಿಸಿ ಯಾವ ಕಡೆ ತಾಗಿತು, ಮಸಿ ಎತ್ತ ಹರಿಯಿತು ಎಂಬುದಕ್ಕೆ ಒಂದು ಕ್ರಮವಿದೆ. ಒಳ್ಳೆಯ ಮಾದರಿಕಾರ ತನ್ನ ಕಾಲ್ಪನಿಕ ನೌಕೆಗೂ ಆ ಕ್ರಮವನ್ನು ಕೊಡುತ್ತಾನೆ. ಕೆಟ್ಟವನು ಎಲ್ಲ ಕಡೆ ಒಂದೇ ಸಮನೆ ಕರಿ ಚಿಮುಕಿಸಿ 'ಹಳೆಯದು' ಎನ್ನುತ್ತಾನೆ. ಇದು, ಬಡತನ ತೋರಿಸಲು ಪಾತ್ರಧಾರಿಯ ಅಂಗಿಗೆ ಹೊಸ ಬಟ್ಟೆಯ ತೇಪೆ ಹಾಕುವ ನಾಟಕದವರ ಚಾಳಿಯಂತೆ.

ಎರಡನೆಯದು ಊಹೆ. ಇಲ್ಲಿಯೇ ಈ ಕಲೆಯ ಜೀವವಿದೆ. ಚಲನಚಿತ್ರದಲ್ಲಿ ನೌಕೆ ಎರಡು ಕ್ಷಣ ಕಂಡು ಮಾಯವಾಗುತ್ತದೆ. ಅದರ ಹಿಂಬದಿ, ಹೊಟ್ಟೆ, ಒಳಗಣ ನೆರಿಗೆ ತೆರೆಯ ಮೇಲೆ ಬಂದೇ ಇರುವುದಿಲ್ಲ. ಕೈಯಲ್ಲಿ ಹಿಡಿದು ತಿರುಗಿಸುವ ವಸ್ತುವಿಗಾದರೋ ಎಲ್ಲ ಮಗ್ಗುಲೂ ಬೇಕು. ಚಿತ್ರ ಸುಮ್ಮನಿರುವ ಕಡೆಯಲ್ಲೆಲ್ಲ ಮಾದರಿಕಾರ ಮಾತಾಡಲೇಬೇಕು. ಅನುವಾದ ಮಾಡಿದ ಅನುಭವವಿರುವ ನಮ್ಮ ಓದುಗರಿಗೆ ಈ ಸಂಕಟ ಬಲು ಪರಿಚಿತ. ಮೂಲದಲ್ಲಿಲ್ಲದ ಲಿಂಗ, ವಚನ, ಗೌರವಗಳನ್ನು ಕನ್ನಡ ಕೇಳಿಯೇ ಕೇಳುತ್ತದೆ. ಆಗ ಅನುವಾದಕ ಮೂಲದ ಸ್ವಭಾವವನ್ನು ಅರಿತು ತೀರ್ಮಾನಿಸಬೇಕಾಗುತ್ತದೆ. ಮಾದರಿಯೂ ಹೀಗೊಂದು ಅನುವಾದ. ಅದರ ಯೋಗ್ಯತೆ ಗೊತ್ತಾಗುವುದು ಎಲ್ಲರೂ ಕಂಡ ಮುಂಭಾಗದಲ್ಲಲ್ಲ. ಯಾರೂ ಕಾಣದ ಹಿಂಭಾಗವನ್ನು ತಿರುಗಿಸಿ ನೋಡಿದಾಗ, 'ಇದು ಹೀಗಲ್ಲದೆ ಬೇರೆ ಹೇಗೂ ಇರುವಂತಿಲ್ಲ' ಎನಿಸಿದರೆ ಅವನು ಗೆದ್ದ.

ಮೂರನೆಯದು ಎರವಲು. ಈ ಪ್ರಕಾರದಲ್ಲಿ ಎರವಲು ಪಾಪವಲ್ಲ, ಪರಂಪರೆ. ಇಂಗ್ಲೆಂಡಿನ 'ಥಂಡರ್‌ಬರ್ಡ್ಸ್' ಎಂಬ 1965ರ ಗೊಂಬೆಯಾಟದ ದೂರದರ್ಶನ ಸರಣಿಗೆ ಡೆರೆಕ್ ಮೆಡಿಂಗ್ಸ್ ಎಂಬವರ ತಂಡ ಮಾದರಿಗಳನ್ನು ಕಟ್ಟುವಾಗ, ಮಕ್ಕಳ ಪ್ಲಾಸ್ಟಿಕ್ ಕಿಟ್ಟುಗಳ ಚೂರುಗಳನ್ನು ಅಂಟಿಸಿ ಯಂತ್ರದ ಗಹನತೆಯನ್ನು ತಂದಿತು. 1977ರ 'ಸ್ಟಾರ್ ವಾರ್ಸ್' ಚಿತ್ರಕ್ಕೆ ಗ್ರಾಂಟ್ ಮೆಕ್ಯೂನ್ ಮೊದಲಾದವರು ಟ್ಯಾಂಕು, ಯುದ್ಧವಿಮಾನ, ಹಡಗುಗಳ ನೂರಾರು ಕಿಟ್ಟುಗಳನ್ನು ಒಡೆದು ಆ ಭಾಗಗಳಿಂದ ನೌಕೆಗಳ ಮೈ ತುಂಬಿದರು. ಆ ಚಿತ್ರದ ದೃಶ್ಯಚಮತ್ಕಾರಕ್ಕೆ ಆಸ್ಕರ್ ಪ್ರಶಸ್ತಿ ಬಂದಾಗ ಅದನ್ನು ಪಡೆದವರಲ್ಲಿ ಮೆಕ್ಯೂನರೂ ಒಬ್ಬರು. ಒಂದು ಟ್ಯಾಂಕಿನ ಗಾಲಿ ಆಕಾಶನೌಕೆಯ ಬೆನ್ನ ಮೇಲೆ ಕೂತಾಗ ಅದು ಗಾಲಿಯಾಗಿ ಉಳಿಯುವುದಿಲ್ಲ. ಹೊಸ ವಾಕ್ಯದಲ್ಲಿ ಹಳೆಯ ಶಬ್ದಕ್ಕೆ ಹೊಸ ಅರ್ಥ ಬರುವಂತೆ ಅದಕ್ಕೆ ಬೇರೆಯೇ ಕೆಲಸ ಬಂದಿರುತ್ತದೆ.

ಈ ಎರವಲಿನ ಲೆಕ್ಕದಲ್ಲಿ ನಮ್ಮ ದೇಶಕ್ಕೂ ಒಂದು ಪಾಲಿದೆಯೆಂಬುದನ್ನು ಬಹಳ ಜನ ಅರಿಯರು. ಅದೇ 1977ರಲ್ಲಿ ಬಂದ 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್' ಚಿತ್ರದ ಕೊನೆಯಲ್ಲಿ ದೀಪಗಳ ನಗರದಂತೆ ಇಳಿದುಬರುವ ಮಾತೃನೌಕೆಯ ಕಲ್ಪನೆ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗರಿಗೆ ಮೂಡಿದ್ದು, ಚಿತ್ರೀಕರಣಕ್ಕಾಗಿ ಭಾರತಕ್ಕೆ ಬಂದಿದ್ದಾಗ ರಾತ್ರಿಯ ಹೊತ್ತು ಕಂಡ ಒಂದು ತೈಲ ಶುದ್ಧೀಕರಣ ಕಾರ್ಖಾನೆಯಿಂದ. ಕೊಳವೆಗಳ ಕಾಡು, ಅದರ ತುಂಬ ಬಲ್ಬುಗಳು. ಅದನ್ನು ಮಾದರಿಯಾಗಿ ಕಟ್ಟಿದ ತಂಡದ ನೇತಾರ ಗ್ರೆಗ್ ಜೈನ್. ಈಗ ಅದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಮಾನ ಸಂಗ್ರಹಾಲಯದಲ್ಲಿದೆ. ಹತ್ತಿರ ಹೋಗಿ ನೋಡಿದವರಿಗೆ ಅದರ ಮೇಲೆ ಒಂದು ಪುಟ್ಟ ಅಂಚೆಪೆಟ್ಟಿಗೆ, ಒಂದು ವ್ಯಾನು, ಒಂದು ಚಿಕ್ಕ ಸ್ಮಶಾನ, ಸ್ಟಾರ್ ವಾರ್ಸಿನ ಯಂತ್ರಮಾನವ ಆರ್-ಟೂ-ಡಿ-ಟೂ ಎಲ್ಲ ಕಾಣಸಿಗುತ್ತವೆ. ತೆರೆಯ ಮೇಲೆ ಯಾರಿಗೂ ಕಾಣದ ಈ ಕುಚೇಷ್ಟೆಗಳು ನಮ್ಮ ದೇವಾಲಯದ ಶಿಲ್ಪಿಗಳು ಕಂಬದ ಮೂಲೆಯಲ್ಲಿ ಕೆತ್ತಿ ಬಿಟ್ಟ ಕೋತಿ-ಮೊಲಗಳ ಕುಲಕ್ಕೆ ಸೇರಿದವು.

ಇಲ್ಲಿ ಯೋಚಿಸಬೇಕಾದ ಮಾತೊಂದಿದೆ. ನಮ್ಮ ನೆಲದ ಕಾರ್ಖಾನೆಯಲ್ಲಿ ಹೊರಗಿನವನೊಬ್ಬ ಆಕಾಶನೌಕೆಯನ್ನು ಕಂಡ. ನಾವು ಅದೇ ಊರುಗಳಲ್ಲಿ ಹುಟ್ಟಿ ಬೆಳೆದು, ಮಥುರೆಯ ತೈಲ ಕಾರ್ಖಾನೆಯನ್ನು ರೈಲಿನ ಕಿಟಕಿಯಿಂದ ನೋಡುತ್ತ ಊರಿಗೆ ಹೋಗಿ ಬರುವವರು, ಅವನ ನೌಕೆಯ ನಕಲನ್ನು ಕೊಂಡು ತಂದು ಕಪಾಟಿನಲ್ಲಿಡುತ್ತೇವೆ. ಎರವಲು ತಂದದ್ದರಲ್ಲಿ ದೋಷವಿಲ್ಲ. ಕೊಟ್ಟದ್ದನ್ನೇ ಮರಳಿ ಎರವಲು ತರುವ ಹಂತಕ್ಕೆ ಬಂದಾಗ ಮಾತ್ರ ನಮ್ಮ ಕಣ್ಣಿಗೇನಾಯಿತೆಂದು ಕೇಳಿಕೊಳ್ಳಬೇಕು.

ಕೈಚಳಕದ ಕೊರತೆಯೆನ್ನುವಂತಿಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರ ಮನೆತನದವರು ಹಗುರ ಮರದ ತುಂಡುಗಳನ್ನು ಜೋಡಿಸಿ, ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಿಸೆ ಬೀಜದ ಅಂಟು ಸೇರಿಸಿದ ಲೇಪದಿಂದ ಸಂದುಗಳನ್ನು ಮುಚ್ಚಿ, ಕಲ್ಲಿನ ಪುಡಿಯ ಲೇಪದಿಂದ ಆಭರಣದ ಉಬ್ಬು ಕೆಲಸ ಮಾಡುತ್ತ ಬಂದಿದ್ದಾರೆ. ಪುಟ್ಟಿಯ ಡಬ್ಬಿ ಕೊಂಡು ತರುವ ಇಂದಿನ ಮಾದರಿಕಾರ ಮಾಡುವುದೂ ಇದನ್ನೇ. ಬೀದರಿನವರು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪಾಗಿಸುತ್ತಾರೆ. ಇಲ್ಲಿ ದೆಹಲಿಯಲ್ಲಿಯೇ ಉತ್ತಮ್ ನಗರದ ಕುಂಬಾರ ಕಾಲೋನಿಯಲ್ಲಿ ದೀಪಾವಳಿಗೆ ಲಕ್ಷ್ಮೀ-ಗಣೇಶರು ಅಚ್ಚಿನಿಂದ ಇಳಿಯುತ್ತಾರೆ. ತಿತಾರ್‌ಪುರದಲ್ಲಿ ದಸರೆಗೆ ಮುನ್ನ ಬಿದಿರು-ಕಾಗದಗಳಿಂದ ರಾವಣರು ಎದ್ದು ನಿಲ್ಲುತ್ತಾರೆ. ಅಚ್ಚೂ ಗೊತ್ತು, ಎರಕವೂ ಗೊತ್ತು, ಮೊದಲಿಂದ ಕಟ್ಟುವುದೂ ಗೊತ್ತು.

ಹಾಗಾದರೆ ಎಲ್ಲಿ ಎಡವುತ್ತೇವೆ? ಸರಾಯ್ ಕಾಲೇ ಖಾನಿನ ಬಳಿ 2019ರ ಫೆಬ್ರವರಿಯಲ್ಲಿ ತೆರೆದ 'ವೇಸ್ಟ್ ಟು ವಂಡರ್' ಉದ್ಯಾನವನ್ನು ಊರಿನಿಂದ ಬಂದ ನೆಂಟರಿಗೆ ತೋರಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಸುಮಾರು 150 ಟನ್ ಗುಜರಿ ಸಾಮಾನಿನಿಂದ ತಾಜಮಹಲು, ಪಿರಮಿಡ್ಡು, ಐಫೆಲ್ ಗೋಪುರ, ಪೀಸಾದ ವಾಲುಗೋಪುರ, ರೋಮಿನ ಕೊಲೊಸಿಯಂ, ಸ್ವಾತಂತ್ರ್ಯದೇವತೆ, ರಿಯೋದ ಕ್ರಿಸ್ತ, ಹೀಗೆ ಏಳು ಅದ್ಭುತಗಳನ್ನು ಅಲ್ಲಿ ಕಟ್ಟಿದ್ದಾರೆ. ಪೈಪು, ಸೈಕಲ್ಲಿನ ಬಿಡಿಭಾಗ, ಮೋಟಾರು ವಾಹನಗಳ ಅವಶೇಷಗಳನ್ನು ಬೆಸೆದ ಕೆಲಸಗಾರರ ಜಾಣ್ಮೆಗೆ ನಾವು ತಲೆಬಾಗುತ್ತೇವೆ. ಆದರೆ ಏಳಕ್ಕೆ ಏಳೂ ಪ್ರತಿಕೃತಿಗಳೇ. ಇಷ್ಟು ಗುಜರಿ, ಇಷ್ಟು ಕೈ, ಇಷ್ಟು ಜಾಗ ಸಿಕ್ಕಾಗಲೂ 'ಇದುವರೆಗೆ ಯಾರೂ ಕಾಣದ ಒಂದನ್ನು ಕಟ್ಟೋಣ' ಎಂಬ ಆಸೆ ಯೋಜಿಸಿದವರಿಗೆ ಹುಟ್ಟಲಿಲ್ಲ. ಸಾಮಗ್ರಿಯಲ್ಲಿ ಚಮತ್ಕಾರ, ಸಂಕಲ್ಪದಲ್ಲಿ ಪಡಿಯಚ್ಚು. 'ಥೇಟ್ ಹಾಗೇ ಇದೆ' ಎಂಬ ಮೆಚ್ಚುಗೆಗಾಗಿಯೇ ಹುಟ್ಟಿದ ಕಲೆಗೆ ಇದು ಉದಾಹರಣೆ.

ನಮ್ಮಲ್ಲಿ ಸ್ವಂತ ಆಕಾಶನೌಕೆಯ ಕಲ್ಪನೆಯೇ ಇರಲಿಲ್ಲವೇ? ಇತ್ತು. ಅದಕ್ಕೆ ನಾವು ಮಾಡಿದ ಅನ್ಯಾಯವೇ ಈ ಲೇಖನದ ಮುಖ್ಯ ತಕರಾರು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಸಂಸ್ಕೃತ ಶ್ಲೋಕಗಳಲ್ಲಿ ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ'ದ ಹೆಸರನ್ನು ಕೇಳದವರಿಲ್ಲ. ಅವರ ಮಾರ್ಗದರ್ಶನದಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರ ಎಲ್ಲಪ್ಪ ಎಂಬವರು 1923ರಲ್ಲಿ ವಿಮಾನಗಳ ನಕ್ಷೆಗಳನ್ನು ಬರೆದರು. 1959ರಲ್ಲಿ ಅದರ ಹಿಂದಿ ರೂಪ ಈ ದೆಹಲಿಯಿಂದಲೇ ಹೊರಬಂತು. 1973ರಲ್ಲಿ ಮೈಸೂರಿನ ಜಿ. ಆರ್. ಜೋಸಯರ್ ಇಂಗ್ಲಿಷ್ ಅನುವಾದದೊಂದಿಗೆ, ಆ ನಕ್ಷೆಗಳ ಸಹಿತ ಪ್ರಕಟಿಸಿದರು. ಗ್ರಂಥ ಭರದ್ವಾಜ ಮಹರ್ಷಿಗಳದೆಂದೂ ಸಾವಿರಾರು ವರ್ಷ ಹಳೆಯದೆಂದೂ ಪ್ರಚಾರವಾಯಿತು. ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು ಅದನ್ನು ಪರಿಶೀಲಿಸಿ, ಗ್ರಂಥ 1904ಕ್ಕಿಂತ ಹಿಂದಿನದಾಗಿರಲಾರದೆಂದೂ, ಅದರ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳಲ್ಲಿ ಹಾರುವ ಲಕ್ಷಣಗಳಿಲ್ಲವೆಂದೂ ಸ್ಪಷ್ಟವಾಗಿ ಬರೆದರು. ಶಾಸ್ತ್ರದ ದೃಷ್ಟಿಯಿಂದ ಆ ತೀರ್ಪಿಗೆ ಮೇಲ್ಮನವಿಯಿಲ್ಲ.

ಅಂದಿನಿಂದ ಇಂದಿನವರೆಗೆ ಎರಡು ಪಕ್ಷಗಳು. ಒಂದು ಪಕ್ಷದವರು ಅದನ್ನು ಪ್ರಾಚೀನ ವಿಜ್ಞಾನವೆಂದು ಹೊತ್ತು ಮೆರೆಸಿದರು. ಇನ್ನೊಂದು ಪಕ್ಷದವರು ಸುಳ್ಳೆಂದು ಕಸದ ಬುಟ್ಟಿಗೆ ಎಸೆದರು. ಆ ನಕ್ಷೆಗಳನ್ನು ನಕ್ಷೆಗಳಾಗಿ ನೋಡಿದವರು ತೀರ ಕಡಿಮೆ. ಗೋಪುರದಂತೆ ಅಂತಸ್ತು ಅಂತಸ್ತಾಗಿ ಮೇಲೇರುವ ರುಕ್ಮ, ರೆಕ್ಕೆ-ಬಾಲಗಳುಳ್ಳ ಹಕ್ಕಿಯಂಥ ಶಕುನ. ವಿಮಾನ ಜಗತ್ತಿಗೇ ಹೊಸದಾಗಿದ್ದ ಕಾಲದಲ್ಲಿ ಬೆಂಗಳೂರು ಸೀಮೆಯ ಇಬ್ಬರು, ಒಬ್ಬ ಪಂಡಿತ ಮತ್ತು ಒಬ್ಬ ನಕ್ಷೆಗಾರ, ದೇವಸ್ಥಾನದ ವಿಮಾನವನ್ನೂ ಇಂಜಿನಿಯರಿಂಗ್ ಕಾಲೇಜಿನ ಹಲ್ಲುಚಕ್ರಗಳನ್ನೂ ಬೆಸೆದು ಹಿಂದೆಂದೂ ಇಲ್ಲದ ಒಂದು ರೂಪವನ್ನು ಕಂಡರು. ಮೇಲೆ ನಾವು ಕೇಳಿದ ಮೂರು ಪ್ರಶ್ನೆಗಳಿಗೆ ಇಲ್ಲಿ ಎಷ್ಟು ಸೊಗಸಾದ ಉತ್ತರಗಳಿವೆ! ಕಂಡದ್ದು ಗೋಪುರ, ಎರವಲು ತಂದದ್ದು ಯಂತ್ರ, ಊಹಿಸಿದ್ದು ಹಾರಾಟ. ಇದನ್ನು 1923ರ ಕನ್ನಡ ನಾಡಿನ ಕಲ್ಪನೆಯೆಂದು ಕರೆದಿದ್ದರೆ ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲುತ್ತಿತ್ತು. ಋಷಿಯ ಹೆಸರಿನ ಹಣೆಪಟ್ಟಿ ಅಂಟಿಸಿದ್ದರಿಂದ ವಿಜ್ಞಾನವೂ ಕೆಟ್ಟಿತು, ಕಲ್ಪನೆಯೂ ಅನಾಥವಾಯಿತು, ಎಲ್ಲಪ್ಪನವರ ಕೈಯ ಹೆಸರಂತೂ ಅಡಿಟಿಪ್ಪಣಿಗೆ ಸರಿಯಿತು.

ಆದ್ದರಿಂದ ಮಾದರಿಕಾರರ ಮುಂದೆ ನಾವು ಒಂದು ಸಲಹೆ ಇಡುತ್ತೇವೆ. ರುಕ್ಮವನ್ನು ಕಟ್ಟಿರಿ. ದುಂಡನೆಯ ಅಂತಸ್ತುಗಳಾದ್ದರಿಂದ ಅದರ ಮೂಲಮಾದರಿಯನ್ನು ಚನ್ನಪಟ್ಟಣದ ಕಡಚಲು ಕೆಲಸದವರು ಹಾಲೆ ಮರದಲ್ಲಿ ಲೇತ್ ಮೇಲೆ ತೆಗೆದುಕೊಡಬಲ್ಲರು. ನಕ್ಷೆಯ ಮೇಲೆ ಕಂಡ ಕಿಟಕಿ, ಕೊಳವೆ, ಚಕ್ರಗಳನ್ನು ಅಳತೆಗೆ ತಂದು ಕೂರಿಸುವಾಗ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲವೆಂದು ನಿಮ್ಮ ಬೆರಳಿಗೇ ತಿಳಿಯುತ್ತದೆ. ವಿಜ್ಞಾನಿಗಳು ಗಣಿತದಿಂದ ಮಾಡಿದ ಪರೀಕ್ಷೆಯನ್ನು ನೀವು ಕೈಯಿಂದ ಮಾಡಿದಂತಾಗುತ್ತದೆ. ಎರಕ ಹೊಯ್ದು ಪೆಟ್ಟಿಗೆಯ ಮೇಲೆ ಮಾತ್ರ ಹೀಗೆ ಬರೆಯಿರಿ: ಕಲ್ಪನೆ ಸುಬ್ಬರಾಯ ಶಾಸ್ತ್ರಿ, ನಕ್ಷೆ ಎಲ್ಲಪ್ಪ, ಬೆಂಗಳೂರು, 1923, ಹಾರುವುದಿಲ್ಲ. ಆ ಕೊನೆಯ ಮಾತಿನಿಂದ ಅದರ ಬೆಲೆ ಕುಗ್ಗುವುದಿಲ್ಲ. ಸ್ಟಾರ್ ವಾರ್ಸಿನ ನೌಕೆಯೂ ಹಾರಿದ್ದಲ್ಲ. ಆದರೂ ಗ್ರೆಗ್ ಜೈನ್ 2022ರಲ್ಲಿ ತೀರಿಕೊಂಡ ಮೇಲೆ ಅವರ ಸಂಗ್ರಹದಲ್ಲಿ ಸಿಕ್ಕ ಆ ಚಿತ್ರದ ಒಂದು ಎಕ್ಸ್-ವಿಂಗ್ ಮಾದರಿ 2023ರ ಹರಾಜಿನಲ್ಲಿ 31 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ಕೊಂಡವರಿಗೆ ಅದು ಕಲ್ಪನೆಯೆಂಬುದು ಚೆನ್ನಾಗಿ ಗೊತ್ತಿತ್ತು.

ಹೆಸರಿನ ಮಾತು ಬಂದದ್ದರಿಂದ ಈ ಬಳಗವನ್ನು ಕಾಡುವ ಕಳ್ಳತನದ ಬಗ್ಗೆಯೂ ಹೇಳಲೇಬೇಕು. ಒಬ್ಬ ಆರು ತಿಂಗಳು ಬೆವರು ಸುರಿಸಿ ಮಾಡಿದ ಕಿಟ್ಟನ್ನು ಇನ್ನೊಬ್ಬ ಕೊಂಡು, ಅದರ ಮೇಲೆಯೇ ಅಚ್ಚು ತೆಗೆದು, ಅರ್ಧ ಬೆಲೆಗೆ ಮಾರುವುದುಂಟು. ಎರಕದ ಮೇಲೆ ಎರಕ ತೆಗೆದಂತೆಲ್ಲ ವಸ್ತು ಒಂದಿಷ್ಟು ಕುಗ್ಗುತ್ತದೆ, ಗೆರೆಗಳು ಮೊಂಡಾಗುತ್ತವೆ. ಕಳವು ತಾನೇ ಸಾಕ್ಷಿ ಹೇಳುತ್ತದೆ. ಆದರೆ ಕಳೆದುಕೊಂಡವನೂ ಮೊದಲು ಯಾವುದೋ ಚಿತ್ರಸಂಸ್ಥೆಯ ನೌಕೆಯನ್ನು ಕೇಳದೆ ತೆಗೆದುಕೊಂಡವನೇ ಆಗಿದ್ದರೆ ಅವನ ಅಳಲಿಗೆ ಯಾರು ಕಿವಿಗೊಡುತ್ತಾರೆ? ಜಪಾನಿನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. 1980ರ ದಶಕದಿಂದ ನಡೆದುಬಂದ 'ವಂಡರ್ ಫೆಸ್ಟಿವಲ್' ಎಂಬ ಮೇಳದಲ್ಲಿ ಹವ್ಯಾಸಿಗಳು ಮುಂಚಿತವಾಗಿ ಅರ್ಜಿ ಹಾಕಿಕೊಂಡರೆ, ಹಕ್ಕುದಾರರು ಆ ಒಂದು ದಿನ, ಆ ಒಂದು ಸ್ಥಳದಲ್ಲಿ ಮಾರಲು ಅನುಮತಿ ಕೊಡುತ್ತಾರೆ. ನಮ್ಮ 1957ರ ಕಾಪಿರೈಟ್ ಕಾಯಿದೆಯ 15ನೆಯ ಕಲಮಿನಲ್ಲಿಯೂ ಒಂದು ಸಂಖ್ಯೆಯಿದೆ: ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು, ಹಕ್ಕುದಾರನೇ ಆಗಲಿ ಅವನ ಪರವಾನಗಿಯಿಂದ ಇನ್ನೊಬ್ಬನೇ ಆಗಲಿ, ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಮೇಲಿನ ಕಾಪಿರೈಟು ಅಳಿಯುತ್ತದೆ. ರಬ್ಬರಿನ ಅಚ್ಚು ಸಾಯುವುದೂ ಹೆಚ್ಚುಕಡಿಮೆ ಅಲ್ಲಿಗೇ. ತಮ್ಮ ಸ್ವಂತ ಕಲ್ಪನೆಯನ್ನು ಎರಕ ಹೊಯ್ಯುವವರು ಈ ಕಲಮನ್ನು ಮೊದಲೇ ಓದಿಕೊಂಡಿರುವುದು ಲೇಸು.

ಸ್ವಂತ ಕಲ್ಪನೆಗೆ ವಸ್ತುವೇನೂ ಕಡಿಮೆಯಿಲ್ಲ. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವೈಜ್ಞಾನಿಕ ಕಥೆಗೆ ಒಂದು ಹಾದಿ ಮಾಡಿಕೊಟ್ಟಿದ್ದಾರೆ. ಆ ಕಥೆಗಳ ಯಂತ್ರಗಳಿಗೆ ತೆರೆಯ ಮೇಲೆ ರೂಪ ಸಿಕ್ಕಿಲ್ಲವೆಂಬುದು ಕೊರತೆಯಂತೆ ಕಂಡರೂ ಮಾದರಿಕಾರನಿಗೆ ಅದೇ ವರ. ಎಲ್ಲ ಮಗ್ಗುಲೂ ಅವನ ಊಹೆಗೇ ಬಿಟ್ಟಿದ್ದು. ಓದುಗನ ಮನಸ್ಸಿನಲ್ಲಿ ಮಸುಕಾಗಿದ್ದ ನೌಕೆಯೊಂದು ಮೊದಲ ಬಾರಿಗೆ ಅಂಗೈ ಮೇಲೆ ಬಂದು ಕೂತರೆ, ಅದನ್ನು ನೋಡಿ 'ಥೇಟ್ ಹಾಗೇ ಇದೆ' ಎನ್ನಲು ಯಾರಿಗೂ ಬರುವುದಿಲ್ಲ; ಹೋಲಿಸಲು ಮೂಲವೇ ಇರುವುದಿಲ್ಲ. ಆಗ ನೋಡುವವನು ನಿಜವಾಗಿ ನೋಡಬೇಕಾಗುತ್ತದೆ, ವಿಮರ್ಶಕನಿಗೂ ಕೆಲಸ ಹುಟ್ಟುತ್ತದೆ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಮೇಲೆ ಆ ನೌಕೆಯ ಪ್ರತಿರೂಪಗಳು ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿಗೂ ಬಂದಿವೆ. ಸಂತೋಷದ ಸಂಗತಿ; ಅದು ಕಂಡದ್ದರ ಗೌರವ. ಅದರ ಪಕ್ಕದಲ್ಲಿ ಊಹಿಸಿದ್ದಕ್ಕೂ ಒಂದು ಜಾಗವಿರಲಿ. ಗುರುಗ್ರಾಮದಲ್ಲಿಯೋ ನೋಯಿಡಾದಲ್ಲಿಯೋ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಬಾಲ್ಕನಿಯಲ್ಲಿ ರೆಸಿನ್ ಎರೆಯುವ ಹುಡುಗ ಹುಡುಗಿಯರು ನಿಮ್ಮ ಮನೆಯಲ್ಲಿದ್ದರೆ, ಅವರ ಕೆಲಸವನ್ನು ಕೈಗೆತ್ತಿಕೊಂಡು ಹಿಂಬದಿಯನ್ನು ತಿರುಗಿಸಿ ನೋಡಿ. 'ಇದನ್ನು ಎಲ್ಲಿ ಕಂಡೆ? ಇದನ್ನು ಹೇಗೆ ಊಹಿಸಿದೆ? ಇದು ಯಾರದು?' ಎಂದು ಕೇಳಿ. ಹೊಗಳಿಕೆಗಿಂತ ಆ ಮೂರು ಪ್ರಶ್ನೆಗಳು ಅವರಿಗೆ ಹೆಚ್ಚು ದಿನ ಜೊತೆಗಿರುತ್ತವೆ.